ಧೈರ್ಯ ಕೊಟ್ಟ ವಾಕ್ಯ, ಚುಚ್ಚಿ ಎಬ್ಬಿಸಿದ ವಾಕ್ಯ: ನಿಮ್ಮದು ಯಾವುದು?

ಯುವಕೂಟದವನು, ಚಿಕ್ಕಮಗಳೂರು
ಎಲ್ಲರಿಗೂ ವಂದನೆ. ನಮ್ಮ ಸಭೆಯ ಯುವಜನರ ಕೂಟ ಮುಂದಿನ ತಿಂಗಳಿಂದ ಮನೆಮನೆಗೆ ಹೋಗಿ ಬೈಬಲ್ ಓದಬೇಕು ಅಂತ ತೀರ್ಮಾನ ಮಾಡಿದೆ. ಯಾವ ಭಾಗ ಓದಬೇಕು ಅಂತ ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕೂಟದಲ್ಲಿ ಆಗಲೇ ಎರಡು ಪಂಗಡ. ಕೆಲವರಿಗೆ ಧೈರ್ಯದ ಮಾತೇ ಬೇಕು. ಯೆರೆಮೀಯ 29:11, ಫಿಲಿಪ್ಪಿ 4:13, ಕೀರ್ತನೆ 91, ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ ಬರುವಂಥವು. ಉಳಿದವರು, ಜನ ಹಾಯಾಗಿ ಮಲಗಿಬಿಟ್ಟಿದ್ದಾರೆ, ಎಬ್ಬಿಸುವ ವಾಕ್ಯ ಓದೋಣ ಅನ್ನುತ್ತಾರೆ. ನಿಮ್ಮನ್ನು ನಿಜವಾಗಿ ಎತ್ತಿ ನಿಲ್ಲಿಸಿದ ಭಾಗ ಯಾವುದು, ಚುಚ್ಚಿದ ಭಾಗ ಯಾವುದು? ಬರೀ ನಂಬರ್ ಹಾಕಿ ಹೋಗಬೇಡಿ, ಯಾಕೆ ಅಂತಲೂ ಬರೆಯಿರಿ. ಕ್ಯಾಥೊಲಿಕ್, ಸಿಎಸ್‌ಐ, ಪೆಂತೆಕೊಸ್ತು, ಯಾರಾದರೂ ಸರಿ.

ಹಿನ್ನೀರಿನ ಕಡೆಯವಳು, ಹಾಸನ
ನೀವು ಮೊದಲು ಹೇಳಿದ ಯೆರೆಮೀಯ 29ರಿಂದಲೇ ಶುರು ಮಾಡುತ್ತೇನೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ನೀರಿನ ಪಾಲಾದ ಜಮೀನಿನಲ್ಲಿ ನಮ್ಮ ಅಜ್ಜಿಯ ಮನೆಯದೂ ಇತ್ತು. ಶೆಟ್ಟಿಹಳ್ಳಿಯ ಚರ್ಚನ್ನು ನೀವೆಲ್ಲ ಫೋಟೋದಲ್ಲಿ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಬರುವವರಿಗೆ ಅದು ಸೆಲ್ಫಿ ಜಾಗ. ಅಜ್ಜಿಗೆ ಮೊದಲ ಪರಮಪ್ರಸಾದ ತೆಗೆದುಕೊಂಡ ಜಾಗ.

ನಿಮಗೆ ಕೇಡಲ್ಲ, ಹಿತವನ್ನೇ ಯೋಚಿಸಿದ್ದೇನೆ, ಮುಂದಕ್ಕೆ ನಿರೀಕ್ಷೆ ಕೊಡುತ್ತೇನೆ ಅನ್ನುವ ಆ ವಾಕ್ಯವನ್ನು ಪ್ರವಾದಿ ಯೆರೆಮೀಯ ಪತ್ರದಲ್ಲಿ ಯಾರಿಗೆ ಬರೆದದ್ದು ನೋಡಿ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಬಂದು, ಎರಡೇ ವರ್ಷದಲ್ಲಿ ಎಲ್ಲ ವಾಪಸ್ ಸಿಗುತ್ತದೆ ಅಂತ ಜನರೆದುರು ಹೇಳುತ್ತಾನೆ. ಯೆರೆಮೀಯ ಮೊದಲು ಅದಕ್ಕೆ ಆಮೆನ್ ಅನ್ನುತ್ತಾನೆ! ಹಾಗೇ ಆಗಲಿ ಅಂತ. ಅವನಿಗೂ ಆಸೆ ಇತ್ತಲ್ವಾ. ಆದರೆ ದೇವರು ಹೇಳಿದ್ದು ಎಪ್ಪತ್ತು ವರ್ಷ. ಅದು 29:10ರಲ್ಲಿದೆ, ಕಾರ್ಡಿನ ವಾಕ್ಯಕ್ಕೆ ಅಂಟಿಕೊಂಡೇ. ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನು ನೋಡದೆಯೇ ಸತ್ತಿರುತ್ತಾರೆ.

ಅಲ್ಲಿವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ. ಇನ್ನೊಂದು, ನೀವು ಸೆರೆ ಬಂದ ಆ ಪಟ್ಟಣದ ಒಳ್ಳೆಯದಕ್ಕೆ ಪ್ರಾರ್ಥನೆ ಮಾಡಿ. ಅಜ್ಜಿಗೆ ನುಂಗಲಾಗದೆ ಹೋದದ್ದು ಇದು. ಹೊಸ ಜಾಗದಲ್ಲಿ ಇವರನ್ನು "ಮುಳುಗಡೆಯವರು" ಅಂತ ಕರೆಯುತ್ತಿದ್ದರು. ಬಾವಿಯ ಹತ್ತಿರ ಇವರ ಕೊಡ ಕೊನೆಗೆ. ಅವರ ಮಕ್ಕಳಿಗಾಗಿ ಜಪಸರ ಹೇಳು ಅಂದರೆ ಯಾರಿಗೆ ಮನಸ್ಸು ಬರುತ್ತದೆ? ಆದರೂ ಹೇಳುತ್ತಿದ್ದಳು. ಬೈದುಕೊಂಡೇ ಹೇಳುತ್ತಿದ್ದಳು.

ಸುಮ್ನೆ ಓದುವವನು
ಹಾಗಾದರೆ 29:11ನ್ನು ಕಾರ್ಡಿಗೆ ಹಾಕಲೇಬಾರದಾ ಅಕ್ಕ? ನನ್ನ ಬೈಕಿನ ಮೇಲೆ ಅದೇ ಸ್ಟಿಕರ್ ಇದೆ.

ಹಿನ್ನೀರಿನ ಕಡೆಯವಳು, ಹಾಸನ
ಇರಲಿ ಬಿಡಪ್ಪ. ಎರಡು ವರ್ಷದ ಹನನ್ಯನ ಲೆಕ್ಕದಲ್ಲಿ ಓದಬೇಡ, ಅಷ್ಟೇ.

ಹತ್ತನೇ ಕ್ಲಾಸ್ ತಾಯಿ, ಅರಸೀಕೆರೆ
ನಮ್ಮ ಮನೆಯಲ್ಲಿ ಫಿಲಿಪ್ಪಿ 4:13 ಮಗನ ಓದುವ ಟೇಬಲ್ ಮೇಲೆ ಅಂಟಿಸಿದೆ. "ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ." ಅವನೇ ಒಂದು ದಿನ ಮುಂಚಿನ ಎರಡು ವಚನ ಓದಿ ಕೇಳಿದ, ಅಮ್ಮ, ಇದು ಹಸಿದಿದ್ದರೂ ಸೈ, ಹೊಟ್ಟೆ ತುಂಬಿದ್ದರೂ ಸೈ ಅನ್ನುವವನ ಮಾತು, ಫೇಲ್ ಆದರೂ ಸೈ ಅಂತಲೂ ಆಗುತ್ತದಲ್ವಾ? ನಾನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡೆ. ಪೌಲ ಅದನ್ನು ಬರೆದದ್ದು ಬೇಡಿ ಹಾಕಿಸಿಕೊಂಡು ಕೂತು. ಆಮೇಲಿನ ವಚನ ಇನ್ನೂ ಚೆನ್ನಾಗಿದೆ. ಎಲ್ಲಕ್ಕೂ ಶಕ್ತ ಅಂದವನೇ, ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡಿದ್ದು ಒಳ್ಳೆಯದಾಯಿತು ಅಂತಾನೆ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಸಾಮಾನು ಕಳಿಸಿದ್ದರು. ಆ ಮನುಷ್ಯ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ. ನಾವು 4:13 ಕಳಿಸುತ್ತೇವೆ, ಸಾಮಾನು ಕಳಿಸುವುದಿಲ್ಲ.

ಐದೆಕರೆ ಬೆಳೆಗಾರ, ಬಾಳೆಹೊನ್ನೂರು ಹತ್ತಿರ
ನನ್ನದು ಹಬಕ್ಕೂಕ 3:17. ಅಂಜೂರದ ಮರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಎಣ್ಣೆಮರದ ಫಲ ಕೈಕೊಟ್ಟರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ. ಇದನ್ನು ಪಟ್ಟಣದವರು ಓದುವುದು ಬೇರೆ, ನಾವು ಓದುವುದು ಬೇರೆ. ಮಾರ್ಚ್ ಮುಗಿಯುತ್ತಾ ಬಂದರೂ ಹೂಮಳೆ ಬರದಿದ್ದರೆ ಕಾಫಿ ಗಿಡದಲ್ಲಿ ಮೊಗ್ಗು ಬತ್ತಿ ಕಪ್ಪಗಾಗುವುದನ್ನು ದಿನಾ ನೋಡಬೇಕು. ಹೂವಾದ ಮೇಲೆ ಅದರ ಹಿಂದೆಯೇ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ಸ್ಪ್ರಿಂಕ್ಲರ್ ಇದ್ದವರು ಬಚಾವ್. ನಮ್ಮದು ಆಕಾಶ ನೋಡುವ ತೋಟ. ಬಿಳಿ ಕಾಂಡಕೊರಕ ಹುಳ ಬಂದು ಅರೇಬಿಕಾ ಗಿಡ ಕಿತ್ತು ಸುಟ್ಟ ವರ್ಷ ಈ ಭಾಗ ಬಿಟ್ಟರೆ ಬೇರೆ ಏನೂ ಬಾಯಿಗೆ ಬರಲಿಲ್ಲ.

ಹಬಕ್ಕೂಕ ಅದನ್ನು ಮೂರನೇ ಅಧ್ಯಾಯದಲ್ಲಿ ಹೇಳಿದ್ದು. ಒಂದನೇ ಅಧ್ಯಾಯದಲ್ಲಿ ಎಷ್ಟು ದಿನ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಅಂತ ದೇವರ ಜೊತೆ ಜಗಳ ಆಡಿದ್ದಾನೆ. ಆ ಜಗಳ ಆದ ಮೇಲೆ ಬಂದ ಸಂತೋಷ ಅದು. ನನಗೆ ಅದೇ ಇಷ್ಟ.

ಹಳೇ ರೈಟರ್, ಮೂಡಿಗೆರೆ
ಬೆಳೆಗಾರರೇ, ಎರಡನೇ ಅಧ್ಯಾಯ ಹಾರಿಸಿಬಿಟ್ಟಿರಲ್ಲ! ಅನ್ಯಾಯದ ದುಡ್ಡಲ್ಲಿ ಮನೆ ಕಟ್ಟಿದವನಿಗೆ ಗೋಡೆಯ ಕಲ್ಲೇ ಕೂಗುತ್ತದೆ ಅಂತ ಅಲ್ಲಿದೆ. 2:11 ನೋಡಿ.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ, ಅಂದರೆ ಲೆಕ್ಕ ಬರೆಯುವವನಾಗಿ, ಕೆಲಸ ಮಾಡಿ ನಿವೃತ್ತನಾದವನು. ಯಾವ ಎಸ್ಟೇಟು ಅಂತ ಬೇಡ. ಕುಯ್ಲಿನ ಕಾಲದಲ್ಲಿ ಸಂಜೆ ಚೀಲ ತೂಗುವ ಹೊತ್ತು ನಿಮಗೆ ಗೊತ್ತಿರಬಹುದು. ಹೆಂಗಸರು ತಲೆ ಮೇಲೆ ಹಣ್ಣಿನ ಚೀಲ ಹೊತ್ತು ಸಾಲಾಗಿ ನಿಲ್ಲುತ್ತಾರೆ. ಮರಕ್ಕೆ ತೂಗುಹಾಕಿದ ತಕ್ಕಡಿ, ಪಕ್ಕದಲ್ಲಿ ಮೇಸ್ತ್ರಿ, ಕೆಳಗೆ ಪುಸ್ತಕ ಹಿಡಿದು ನಾನು. ಚೀಲದ ತೂಕ, ಎಲೆ, ನೀರು ಅಂತ ಪ್ರತಿ ಚೀಲಕ್ಕೂ ಒಂದಷ್ಟು ಕಡಿತ. ಚೀಲ ಅಷ್ಟು ತೂಗುವುದಿಲ್ಲ ಅಂತ ತಕ್ಕಡಿ ಹಿಡಿದವನಿಗೂ ಗೊತ್ತು, ಹೊತ್ತವಳಿಗೂ ಗೊತ್ತು. ಯಾರೂ ಮಾತಾಡುವುದಿಲ್ಲ. ಧಣಿಗಳ ಮನೆಯಲ್ಲಿ ಪ್ರತಿದಿನ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ.

ಆಮೋಸ 8:5ರಲ್ಲಿ ಇದೇ ತಕ್ಕಡಿ ಬರುತ್ತದೆ. ಸಬ್ಬತ್ ಯಾವಾಗ ಮುಗಿಯುತ್ತೋ, ಅಳತೆ ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡಿ ಧಾನ್ಯ ಮಾರೋಣ ಅಂತ ಕಾಯುವವರು. ಯಾಕೋಬ 5:4ರಲ್ಲಿ ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಯಾಜಕಕಾಂಡ 19ನ್ನು ಒಂದೇ ಗುಕ್ಕಿನಲ್ಲಿ ಓದಿ ನೋಡಿ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅಂತ 18ನೇ ವಚನ. ಎಲ್ಲರಿಗೂ ಬಾಯಿಪಾಠ. ಐದು ವಚನ ಹಿಂದೆ, 13ರಲ್ಲಿ, ಕೂಲಿಯವನ ದುಡ್ಡು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತಿದೆ. ಬಟವಾಡೆಯನ್ನು ಮುಂದಿನ ವಾರಕ್ಕೆ ದೂಡಿದಾಗ ಎಸ್ಟೇಟಿನ ಕೂಲಿಯವರ ಸಾಲುಮನೆಗಳಾದ ಲೈನ್ ಮನೆಯವರು ಸಂತೆಗೆ ಸಾಲ ಮಾಡಿ ಹೋಗುವುದನ್ನು ನೋಡಿದವನಿಗೆ 13 ಮೊದಲು ಕಾಣಿಸುತ್ತದೆ, 18 ಆಮೇಲೆ.

ಐದೆಕರೆ ಬೆಳೆಗಾರ, ಬಾಳೆಹೊನ್ನೂರು ಹತ್ತಿರ
ರೈಟರ್ ಅಂಕಲ್, ಮಾತು ಒಪ್ಪಿದೆ. ಆದರೆ ಬೆಳೆಗಾರ ಅಂದ ತಕ್ಷಣ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನನ್ನ ತೋಟದಲ್ಲಿ ನಾನೇ ಧಣಿ, ನಾನೇ ಆಳು. ಇನ್ನೊಂದು ಪ್ರಶ್ನೆ. ಅದೇ ಯಾಜಕಕಾಂಡ 19:10ರಲ್ಲಿ, ತೋಟದಲ್ಲಿ ಉದುರಿದ ಹಣ್ಣನ್ನು ಆರಿಸಬೇಡ, ಬಡವರಿಗೂ ಪರದೇಶಿಗೂ ಬಿಡು ಅಂತಿದೆ. ನಾನು ಕಾಫಿಯಲ್ಲಿ ಹಾಗೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಕಾಯಿಕೊರಕ. 1990ರಲ್ಲಿ ಗೂಡಲೂರು ಕಡೆ ಮೊದಲು ಕಂಡ ಹುಳ, ಈಗ ಎಲ್ಲ ಕಡೆ ಇದೆ. ಉದುರಿದ ಹಣ್ಣಿನಲ್ಲೇ ಮರಿ ಮಾಡಿ ಮುಂದಿನ ಫಸಲಿಗೆ ಹತ್ತುತ್ತದೆ. ನೆಲದ ಒಂದು ಹಣ್ಣೂ ಬಿಡಬೇಡಿ ಅಂತ ಕಾಫಿ ಬೋರ್ಡಿನವರು ಹೇಳುತ್ತಾರೆ. 1925ರಿಂದ ಇಲ್ಲೇ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ನಡೆಯುತ್ತಿದೆ, ಅವರ ಮಾತು ಕೇಳಲಾ, ಮೋಶೆಯ ಮಾತು ಕೇಳಲಾ? ತಮಾಷೆಗೆ ಕೇಳುತ್ತಿಲ್ಲ.

ಹಳೇ ರೈಟರ್, ಮೂಡಿಗೆರೆ
ಒಳ್ಳೇ ಪ್ರಶ್ನೆ. ಹಣ್ಣು ಬಿಡು ಅಂದಿದ್ದು ನೆಲದಲ್ಲಿ ಕೊಳೆಯಲಿ ಅಂತ ಅಲ್ಲವಲ್ಲ. ಯಾರೋ ಬಂದು ಆರಿಸಿಕೊಳ್ಳಲಿ ಅಂತ. ಕೊನೇ ಕುಯ್ಲು ಆದ ಮೇಲೆ ಉದುರನ್ನು ಆರಿಸಲು ಲೈನ್ ಮನೆಯವರನ್ನೇ ಬಿಡಿ, ಆರಿಸಿದ್ದು ಅವರದೇ ಅನ್ನಿ. ನೆಲವೂ ಚೊಕ್ಕ, ಹುಳುವಿಗೂ ಜಾಗ ಇಲ್ಲ. ರೂತಳು 2:16ರಲ್ಲಿ ಬೋವಜ ತೆನೆ ಉದುರುವ ತನಕ ಕಾಯಲೂ ಇಲ್ಲ. ಕಟ್ಟಿನಿಂದ ಬೇಕಂತಲೇ ಎಳೆದು ಅವಳಿಗೆ ಬಿಡಿ, ಗದರಿಸಬೇಡಿ ಅಂತ ಆಳುಗಳಿಗೆ ಹೇಳಿದ.

ಐದೆಕರೆ ಬೆಳೆಗಾರ, ಬಾಳೆಹೊನ್ನೂರು ಹತ್ತಿರ
ಆರಿಸಿದ್ದು ಅವರದೇ ಅಂದರೆ ಉದುರಲಿ ಅಂತ ಗಿಡ ಅಲ್ಲಾಡಿಸುವವರೂ ಇರುತ್ತಾರೆ ಅಂಕಲ್. ಕೆ.ಜಿ.ಗೆ ಇಷ್ಟು ಅಂತ ಜಾಸ್ತಿ ಕೂಲಿ ಕೊಡುತ್ತೇನೆ, ಅಷ್ಟು ನನ್ನ ಕೈಲಾಗುತ್ತದೆ. ಪೂರ್ತಿ ಬಿಟ್ಟುಕೊಡುವುದು ಯೋಚನೆ ಮಾಡಬೇಕು.

ರಾತ್ರಿ ಪಾಳಿ ನರ್ಸ್, ಹಾಸನ
ಎಬ್ಬಿಸುವ ವಾಕ್ಯ ಬೇಕು ಅನ್ನುವವರಿಗೆ ಒಂದು ಮಾತು. ಎಲ್ಲರೂ ಮಲಗಿರುವುದು ಸೋಮಾರಿತನದಿಂದ ಅಲ್ಲ. ಕೆಲವರು ಬಿದ್ದಿರುತ್ತಾರೆ. ನನ್ನ ಜೀವನದಲ್ಲಿ ಒಂದು ಕೆಟ್ಟ ಕಾಲ ಬಂತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಡ್ಯೂಟಿಗೆ ಹೋಗಿ ಬಂದು ಗೋಡೆ ನೋಡುತ್ತಾ ಕೂರುವುದು. ಆಗ ಪ್ರಾರ್ಥನೆಗೆ ಬಂದವರೊಬ್ಬರು "ಯಾವಾಗಲೂ ಸಂತೋಷಿಸಿರಿ" ಓದಿ, ನಿನ್ನಲ್ಲಿ ಸಂತೋಷ ಇಲ್ಲ ಅಂದರೆ ವಿಶ್ವಾಸದಲ್ಲೇ ಏನೋ ಕೊರತೆ ಅಂದು ಹೋದರು. ಆ ವಾಕ್ಯದ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು.

ನನ್ನನ್ನು ಎತ್ತಿದ್ದು 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಎಲೀಯ, ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕು, ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವದೂತ ಬಂದು ಏನು ಮಾಡಿದ? ಬೋಧನೆ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಬಂದು ಮತ್ತೆ ಊಟ ಕೊಟ್ಟ. ಇಲ್ಲೇನು ಮಾಡುತ್ತಿದ್ದೀ ಎಲೀಯ ಅನ್ನುವ ಪ್ರಶ್ನೆ ಬರುವುದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಬಂದ ದಾರಿಯಲ್ಲೇ ವಾಪಸ್ ಹೋಗು, ಮಾಡುವ ಕೆಲಸ ಇದೆ ಅನ್ನುವುದು ಅದಕ್ಕೂ ಆಮೇಲೆ. ನಾನು ಡಾಕ್ಟರ ಹತ್ತಿರ ಹೋದೆ, ಮಾತ್ರೆ ತೆಗೆದುಕೊಂಡೆ, ನಿದ್ದೆ ಬಂತು. ಅದೂ ರೊಟ್ಟಿಯೇ ಅಂತ ಈಗಲೂ ಹೇಳುತ್ತೇನೆ. ಯಾರಿಗಾದರೂ ಹೀಗಾಗುತ್ತಿದ್ದರೆ ಬರೀ ವಾಕ್ಯ ಕಳಿಸಿ ಸುಮ್ಮನಾಗಬೇಡಿ, ಆಸ್ಪತ್ರೆಗೆ ಜೊತೆಗೆ ಹೋಗಿ.

ನಿಮ್ಮ ಕೂಟದ ಎರಡೂ ಪಂಗಡದವರು 1 ಥೆಸಲೋನಿಕ 5:14 ಓದಲಿ. ಕೆಲಸಗಳ್ಳರಿಗೆ ಬುದ್ಧಿ ಹೇಳಿ, ಮನಸ್ಸು ಕುಗ್ಗಿದವರಿಗೆ ಧೈರ್ಯ ಹೇಳಿ, ಬಲ ಇಲ್ಲದವರನ್ನು ಹಿಡಿದುಕೊಳ್ಳಿ, ಎಲ್ಲರೊಂದಿಗೂ ತಾಳ್ಮೆಯಿಂದಿರಿ. ಎರಡು ವಚನ ಕೆಳಗೆ ಅದೇ "ಯಾವಾಗಲೂ ಸಂತೋಷಿಸಿರಿ" ಇದೆ. ನನಗೆ ಅದನ್ನು ಓದಿ ಹೇಳಿದವರ ಕಣ್ಣಿಗೆ 14 ಬೀಳಲೇ ಇಲ್ಲ.

ಆಲೂರು ಕಡೆಯವನು
ನರ್ಸ್ ಅಕ್ಕ ಹೇಳಿದ್ದಕ್ಕೆ ಇದನ್ನೂ ಸೇರಿಸುತ್ತೇನೆ. ನಮ್ಮ ಕಡೆ ಆನೆ ಕಾಟ ನಿಮಗೆ ಗೊತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಪಕ್ಕದ ಮನೆಯವರು ಮಂಜಿನಲ್ಲಿ ಆನೆಗೆ ಸಿಕ್ಕಿಬಿಟ್ಟರು. ಅವರ ಮನೆ ಬಾಗಿಲ ಮೇಲೆ ಕೀರ್ತನೆ 91 ಇತ್ತು, ಯಾವ ಕೇಡೂ ನಿನಗೆ ಸಂಭವಿಸದು ಅಂತ. ಸಾವಿಗೆ ಬಂದವರಲ್ಲಿ ಒಬ್ಬರು, ವಿಶ್ವಾಸ ಗಟ್ಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂದರು. ಹೆಂಡತಿ ಕೇಳುವಂತೆ.

ನಮ್ಮ ಅಯ್ಯನವರು ಅವತ್ತು ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಮತ್ತಾಯ 4 ತೆಗೆದರು. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಸೈತಾನ ಹೇಳುವ ವಾಕ್ಯ ಕೀರ್ತನೆ 91ರದ್ದೇ. ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ಧುಮುಕು ಅಂತ. ಯೇಸು ಧುಮುಕಲಿಲ್ಲ. ಆಮೇಲೆ ಶಿಲುಬೆಯಿಂದ ಇಳಿದು ಬಾ ಅಂದಾಗಲೂ ಇಳಿಯಲಿಲ್ಲ. ಆ ಮಗನಿಗಿಂತ ಗಟ್ಟಿ ವಿಶ್ವಾಸ ನಿಮ್ಮಲ್ಲಿ ಯಾರಿಗಿದೆ, ಕೈ ಎತ್ತಿ ಅಂದರು. ಪ್ರಸಂಗ ಅಷ್ಟೇ ಇದ್ದದ್ದು. ಆ ಕೀರ್ತನೆಯನ್ನು ಅವರ ಮನೆಯವರು ಬಾಗಿಲಿಂದ ತೆಗೆದಿಲ್ಲ. ಕಷ್ಟದಲ್ಲಿ ನಾನು ಜೊತೆಗಿರುತ್ತೇನೆ ಅಂತ 15ನೇ ವಚನದಲ್ಲಿದೆ, ಅದಕ್ಕೆ ಇರಲಿ ಅಂದರು.

ಸುಮ್ನೆ ಓದುವವನು
ಈ ಕಮೆಂಟ್ ಓದಿ ಏನು ಬರೆಯಬೇಕು ಅಂತಲೇ ಗೊತ್ತಾಗುತ್ತಿಲ್ಲ ಅಣ್ಣ.

ಪೂಜೆಗೆ ಮುಂಚೆ ಬರುವವರು, ಚಿಕ್ಕಮಗಳೂರು
ಕ್ಯಾಥೊಲಿಕ್ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಭಾನುವಾರದ ವಾಚನ ನಾವು ಆರಿಸುವುದಲ್ಲ. ಎ, ಬಿ, ಸಿ ಅಂತ ಮೂರು ವರ್ಷದ ಚಕ್ರ ತಿರುಗುತ್ತಾ ಇರುತ್ತದೆ. ಬೇಕೋ ಬೇಡವೋ, ರೈಟರ್ ಸಾಹೇಬರ ಯಾಕೋಬ 5 ಬಂದೇ ಬರುತ್ತದೆ. ಬಿ ವರ್ಷದ ಸಾಧಾರಣ ಕಾಲದ 26ನೇ ಭಾನುವಾರ. ಕಳೆದ ಸಲ 2024ರ ಸೆಪ್ಟೆಂಬರ್ 29ಕ್ಕೆ ಬಂದಿತ್ತು. ಮುಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ ವಾಚನ ಬದಲಾಯಿಸುವ ಹಾಗಿಲ್ಲ. ನೀವೂ ಆರಿಸುವುದನ್ನೇ ಬಿಟ್ಟು ಒಂದು ಪುಸ್ತಕ ಹಿಡಿದು ಮೊದಲಿಂದ ಕೊನೆವರೆಗೆ ಓದಿ. ಯಾಕೋಬನದು ಐದೇ ಅಧ್ಯಾಯ. ಧೈರ್ಯವೂ ಸಿಗುತ್ತದೆ, ಚುಚ್ಚುವುದೂ ಇರುತ್ತದೆ. ಪಂಗಡದ ಜಗಳ ಮುಗಿಯಿತು. ವಾಚನ ಹೀಗೆ ಬಂದರೂ ಪ್ರಸಂಗದಲ್ಲಿ ಅದನ್ನು ಮುಟ್ಟದೆ ದಾಟಿಸುವ ಫಾದರ್‌ಗಳೂ ಇದ್ದಾರೆ ಅನ್ನಿ, ಅದು ಬೇರೆ ಮಾತು.

ಯುವಕೂಟದವನು, ಚಿಕ್ಕಮಗಳೂರು
ಎಲ್ಲರಿಗೂ ತುಂಬಾ ಧನ್ಯವಾದ. ಯಾಕೋಬನ ಪತ್ರ ಹಿಡಿಯೋಣ ಅಂತ ಮನಸ್ಸಾಗಿದೆ. ಆದರೆ ಒಂದು ತೊಡಕು. ಮೊದಲ ಓದು ಇಟ್ಟುಕೊಂಡಿರುವುದು ನಮ್ಮ ಸಭೆಯ ಒಬ್ಬ ಎಸ್ಟೇಟ್ ಮಾಲೀಕರ ಬಂಗಲೆಯಲ್ಲಿ. ಒಳ್ಳೆಯವರು, ಊಟವನ್ನೂ ಅವರೇ ಹಾಕಿಸುತ್ತಾರೆ. ಅವರ ಮನೆಯಲ್ಲಿ ಕೂತು ಐಶ್ವರ್ಯವಂತರೇ ಗೋಳಾಡಿರಿ ಅಂತ ಓದುವುದು ಹೇಗೆ?

ಹತ್ತನೇ ಕ್ಲಾಸ್ ತಾಯಿ, ಅರಸೀಕೆರೆ
ಮೊದಲ ದಿನ ಒಂದನೇ ಅಧ್ಯಾಯ ತಾನೇ? ಐದಕ್ಕೆ ಬರುವಷ್ಟರಲ್ಲಿ ಬೇರೆ ಮನೆಗೆ ಹೋಗಿರುತ್ತೀರಿ. ಊಟ ಕೆಡಿಸಿಕೊಳ್ಳಬೇಡಿ!

ಹಳೇ ರೈಟರ್, ಮೂಡಿಗೆರೆ
ಹಾಗೆ ತಪ್ಪಿಸಿಕೊಂಡರೆ ಓದಿ ಏನು ಪ್ರಯೋಜನ ಅಮ್ಮ? ಐದನೇ ಅಧ್ಯಾಯವನ್ನೂ ಅಲ್ಲೇ ಇಟ್ಟುಕೊಳ್ಳಿ. ಓದುವ ಕೆಲಸ ಆ ಮಾಲೀಕರಿಗೇ ಕೊಡಿ, ಯಾರೂ ವ್ಯಾಖ್ಯಾನ ಮಾಡಬೇಡಿ.

ಐದೆಕರೆ ಬೆಳೆಗಾರ, ಬಾಳೆಹೊನ್ನೂರು ಹತ್ತಿರ
ಅದು ಮರ್ಯಾದೆ ಅಲ್ಲ ಅಂಕಲ್. ಕರೆದವರ ಮನೆಯಲ್ಲಿ ಅವರನ್ನೇ ಕಟಕಟೆಗೆ ನಿಲ್ಲಿಸಿದ ಹಾಗಾಗುತ್ತದೆ. ಅವರಿಗೆ ಮೊದಲೇ ಫೋನ್ ಮಾಡಿ, ಈ ಭಾಗ ಬರುತ್ತದೆ, ನಿಮಗೆ ಹೇಗನ್ನಿಸುತ್ತದೆ ಅಂತ ಕೇಳಿ. ಒಳ್ಳೆಯವರು ಅಂತ ನೀವೇ ಹೇಳುತ್ತಿದ್ದೀರಿ, ಅಷ್ಟು ನಂಬಿಕೆ ಇಡಿ. ಬೇಕಿದ್ದರೆ ನಾನೂ ಬರುತ್ತೇನೆ. ಉದುರು ಹಣ್ಣಿನ ಪ್ರಶ್ನೆಯನ್ನು ಅಲ್ಲಿ ನಾನೇ ಎತ್ತುತ್ತೇನೆ, ಮಾತು ನನ್ನ ಮೇಲಿಂದಲೇ ಶುರುವಾಗಲಿ.

ಹಿನ್ನೀರಿನ ಕಡೆಯವಳು, ಹಾಸನ
ಎರಡನೇ ಅಧ್ಯಾಯ ಮರೆಯಬೇಡಿ. ಉಂಗುರ ಹಾಕಿಕೊಂಡು ಬಂದವನಿಗೆ ಕುರ್ಚಿ, ಮಾಸಿದ ಬಟ್ಟೆಯವನಿಗೆ ಕಾಲಿನ ಹತ್ತಿರ ಜಾಗ ಅಂತ ಬರುತ್ತದೆ. ಆ ಎಸ್ಟೇಟಿನ ಲೈನ್ ಮನೆಗಳಲ್ಲಿ ಇರುವವರನ್ನು ಯಾರಾದರೂ ಕರೆದಿದ್ದೀರಾ? ಈಗ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಲ್ಲಿ ಕ್ರೈಸ್ತರೂ ಇದ್ದಾರೆ. ನಮ್ಮ ಕಡೆ ಒಂದು ಕುಟುಂಬ ಭಾನುವಾರ ಪೂಜೆಗೆ ಬಂದು ಹಿಂದೆ ನಿಂತುಕೊಂಡು ಹೋಗುತ್ತದೆ. ಅವರ ಹೆಸರು ಕೇಳಿದವರು ಯಾರೂ ಇಲ್ಲ.

ಯುವಕೂಟದವನು, ಚಿಕ್ಕಮಗಳೂರು
ಇಲ್ಲ ಅಕ್ಕ, ಕರೆದಿಲ್ಲ. ಅದು ತಲೆಗೇ ಬಂದಿರಲಿಲ್ಲ. ಭಾಷೆ ಹೇಗೆ?

ರಾತ್ರಿ ಪಾಳಿ ನರ್ಸ್, ಹಾಸನ
ಫೋನಿನಲ್ಲಿ ಅವರ ಭಾಷೆಯ ಬೈಬಲ್ ಸಿಗುತ್ತದೆ. ನಮ್ಮ ವಾರ್ಡಿನಲ್ಲಿ ಅಸ್ಸಾಮಿನ ಒಬ್ಬ ಹುಡುಗಿಗೆ ನಾನು ಹಾಗೇ ತೆಗೆದುಕೊಟ್ಟಿದ್ದೆ. ಒಂದು ವಚನ ಅವರು ಅವರ ಭಾಷೆಯಲ್ಲಿ ಓದಲಿ, ಮುಂದಿನದು ನೀವು ಕನ್ನಡದಲ್ಲಿ. ಮಾತಿಗೆ ಹರಕು ಮುರುಕು ಹಿಂದಿ ಸಾಕು. ಊಟಕ್ಕೆ ಒಟ್ಟಿಗೆ ಕೂರಿ, ಆಮೇಲೆ ಓದಿ.

ಹಳೇ ರೈಟರ್, ಮೂಡಿಗೆರೆ
ಶನಿವಾರ ಮಾತ್ರ ಬೇಡ. ಬಟವಾಡೆ ಮುಗಿಯುವುದೇ ಸಂಜೆ ಆಗುತ್ತದೆ, ಆಮೇಲೆ ಅವರಿಗೆ ಸಾಮಾನು ತರುವ ಗಡಿಬಿಡಿ. ಭಾನುವಾರ ಸಂಜೆ ಐದಕ್ಕೆ ಇಟ್ಟುಕೊಳ್ಳಿ, ಕತ್ತಲಾಗುವ ಮುಂಚೆ ಲೈನ್ ಸೇರಬಹುದು.

ಯುವಕೂಟದವನು, ಚಿಕ್ಕಮಗಳೂರು
ಸರಿ ಅಂಕಲ್. ನಾಳೆ ಮಾಲೀಕರಿಗೆ ಫೋನ್ ಮಾಡುತ್ತೇನೆ. ಐದೆಕರೆ ಸರ್, ನೀವು ಬರುವುದಾದರೆ ಹೇಳಿ, ಬಾಳೆಹೊನ್ನೂರಿನ ಸರ್ಕಲ್ ಹತ್ತಿರ ಜೀಪು ಕಳಿಸುತ್ತೇವೆ.